ಕೈಕೆಲಸಕ್ಕೊಂದು ಖೋಲಿ: ಹಳೇ ಸಾಮಾನಿನಾಗ ಹೆಂಗ ಜೋಡಸೂದು?

ಕೌದಿ_ಖೋಲಿ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಮಗಳು ಓದ್ಲಾಕ ಹುಬ್ಬಳ್ಳಿಗೆ ಹೋದ ಮ್ಯಾಲ ಮನಿಯಾಗ ಒಂದು ಖೋಲಿ ಖಾಲಿ ಉಳದದ. 10 ಫೂಟು, 11 ಫೂಟು, ಬಡಗಣಕ್ಕ ಒಂದು ಕಿಟಕಿ, ಗ್ವಾಡ್ಯಾಗ ಒಂದು ಮಾಡ. ಇಷ್ಟು ವರ್ಷ ಪಲಂಗದ ಮ್ಯಾಲ, ಪಡಸಾಲ್ಯಾಗ, ಊಟ ಆದ ಮ್ಯಾಲ ಅಡಗಿ ಮನಿಯಾಗ ಕುಂತು ಮಾಡಿದ ಕೆಲಸಕ್ಕ ಒಂದು ಕಾಯಂ ಜಾಗ ಮಾಡಬೇಕಂತ ಗಟ್ಟಿ ಮನಸ್ಸು ಮಾಡೀನಿ. ಕೌದಿ ಹೊಲೀತೀನಿ, ಜಂಪರ್ ಹೊಲೀತೀನಿ, ಕನ್ನಡಿ ಕೂಡಸೂ ಕಸೂತಿ ಮಾಡ್ತೀನಿ, ಸೂಟಿಯಾಗ ಓಣಿ ಹುಡುಗ್ರಿಗೆ ಕಾಗದದ ಕೆಲಸ ಕಲಸ್ತೀನಿ.

ಕೈಯಾಗ 15,000 ರೂಪಾಯಿ ಅದ, ಅದರ ಮ್ಯಾಲ ಹೋಗ್ಲಾಕ ಬರೂದಿಲ್ಲ. ಹೊಸಾ ಫರ್ನಿಚರ್ ಕೇಳ್ಕೊಂಡು ಬಂದೆ. ಆ ರೊಕ್ಕಕ್ಕ ಒಂದು ಟೇಬಲ್ಲು, ಒಂದು ಸಣ್ಣ ಕಪಾಟು ಬರ್ತಾವ, ಅವೂ ಭೂಸಾ ಒತ್ತಿದ ಬೋರ್ಡಿನವು. ನೀರು ತಾಕಿದ್ರ ಉಬ್ಬಿ ಬಿಡ್ತಾವ. ಹಂಗಾಗಿ ಹಳೇ ಸಾಮಾನಿನಾಗೇ ಖೋಲಿ ತುಂಬಸಬೇಕಂತ ಅದೀನಿ. ಹಳೇದು ಏನು ತಗೋಬೇಕು, ಹೊಸಾದೇ ಬೇಕಾದ್ದು ಏನು, ನಮ್ಮ ಕಡಿ ಎಲ್ಲಿ ಹುಡುಕಬೇಕು? ಮಾಡಿ ನೋಡಿದವರು ಹೇಳ್ರಿ.

ಆಳಂದ_ಬಡಿಗ

ಅಕ್ಕೋರೆ, ನಾನು ಬಡಿಗತನ ಮಾಡಾಂವ. ಹಳೇ ಕಟ್ಟಿಗಿ ದಿನಾ ಕೈಯಾಗ ಬರ್ತದ. ಸಾಮಾನು ನೋಡ್ಲಾಕ ಹೋಗೂ ಮೊದಲ ನಿಮ್ಮ ಮೈ ಅಳತಿ ತಗೋರಿ. ನಿಂತು ಬಟ್ಟಿ ಕತ್ತರಸೂ ಮೇಜು ಮೊಣಕೈಗಿಂತ ಮೂರ್ನಾಲ್ಕು ಇಂಚು ಕೆಳಗ ಬರಬೇಕು. ನಮ್ಮ ಕಡಿ ಹೆಣ್ಣಮಕ್ಕಳ ಎತ್ತರಕ್ಕ ಅದು 34ರಿಂದ 36 ಇಂಚು ಆಗ್ತದ. ಊಟದ ಟೇಬಲ್ಲು, ಆಫೀಸ್ ಟೇಬಲ್ಲು 29–30 ಇಂಚಿನವು. ಅವುಗಳ ಮ್ಯಾಲ ತಾಸುಗಟ್ಲೆ ಬಗ್ಗಿ ಕತ್ತರಿ ಹಿಡದ್ರ ಸೊಂಟ ಹಿಡೀತದ. ಟೇಬಲ್ಲು ಛಲೋ ಇದ್ದು ಎತ್ತರ ಕಮ್ಮಿ ಬಿದ್ರ ಬಿಡಬ್ಯಾಡ್ರಿ, ಕಾಲಿನ ಕೆಳಗ ಕಟ್ಟಿಗಿ ಗುಟ್ಟ ಕೊಡ್ರಿ. ಗುಟ್ಟದಾಗ ಅರ್ಧ ಇಂಚು ಕುಳಿ ತೋಡಿ ಅದರಾಗ ಕಾಲು ಕೂಡಿಸಬೇಕು, ಜಾರೂದಿಲ್ಲ.

ಕತ್ತರಸೂ ಮೇಜಿಗೆ ನಾನು ಹೇಳೂದು ಹಳೇ ಮನಿ ಬಿಚ್ಚಿದಲ್ಲಿ ಸಿಗೂ ಸಾಗವಾನಿ ಬಾಗಲ. ಆಳಂದ, ಕಮಲಾಪುರ, ಕಲಬುರಗಿ ಬ್ರಹ್ಮಪುರ ಕಡಿ ಹಳೇ ವಾಡೆ ಬಿಚ್ಚಿ ಆರ್‌ಸಿಸಿ ಕಟ್ಟೂದು ನಿಂತಿಲ್ಲ. ಬಾಗಲ, ಚೌಕಟ್ಟು, ಜಂತಿ ಎಲ್ಲಾ ಹಳೇ ಕಟ್ಟಿಗಿ ಮಾರೋರ ಹಂತ್ಯಾಕ ಬರ್ತಾವ. ಆರೂವರೆ ಫೂಟು ಉದ್ದ, ಮೂರು ಫೂಟು ಅಗಲದ ಒಂದು ಕದ ಅಂದ್ರ ಸೀರಿ ಮಡಚಿ ಹಾಸಬಹುದು. ಮ್ಯಾಲ ಉಬ್ಬು ತಗ್ಗು ಇದ್ರ 6 ಎಂಎಂ ಪ್ಲೈವುಡ್ ಹಾಳಿ ಮಳಿ ಹೊಡೀರಿ. ಕೆಳಗ ಕಬ್ಬಿಣದ ಸ್ಟ್ಯಾಂಡು ವೆಲ್ಡಿಂಗ್ ಅಂಗಡಿಯಾಗ ಮಾಡಸ್ರಿ, ಕಬ್ಬಿಣ ತೂಕದ ಮ್ಯಾಲ ಬರ್ತದ.

ಹುಳ ನೋಡೂದು ಹೆಂಗಂದ್ರ: ಸಾಮಾನು ಅಲ್ಲಾಡಿಸಿ ಕೆಳಗ ನೋಡ್ರಿ. ಮೈದಾ ಹಿಟ್ಟಿನಂಥ ಸಣ್ಣ ಪುಡಿ ಉದುರಿದ್ರ ಕಟ್ಟಿಗಿ ಹುಳ ಇನ್ನೂ ಜೀವಂತ ಅದ. ಮಣ್ಣಿನ ಗೆರಿ ಏರಿದ್ರ ಗೆದ್ದಲು. ಹಳೇ ತೂತು ಇದ್ದು ಪುಡಿ ಇಲ್ಲಂದ್ರ ಚಿಂತಿ ಮಾಡಬ್ಯಾಡ್ರಿ, ಹುಳ ಬಿಟ್ಟು ಹೋಗ್ಯಾದ. ಕಾಲಿನ ತಳಕ್ಕ ಮಳಿ ಚುಚ್ಚಿ ನೋಡ್ರಿ, ಮೆತ್ತಗ ಒಳಗ ಹೋದ್ರ ಅದನ್ನ ಅಲ್ಲೇ ಬಿಡ್ರಿ. ಡ್ರಾವರ್ ಇದ್ರ ಪೂರಾ ಹೊರಗ ಎಳದು ಹಿಂದಿನ ಮೂಲಿ ನೋಡ್ರಿ. ಕಟ್ಟಿಗಿಗೆ ಕಟ್ಟಿಗಿ ಹಲ್ಲು ಕೂಡಿಸಿದ್ದು ಇದ್ರ ಇನ್ನೂ ಐವತ್ತು ವರ್ಷ ಬಾಳ್ತದ. ಬರೇ ಮಳಿ ಹೊಡದದ್ದಾದ್ರ ದಾರದ ಭಾರಕ್ಕೂ ಬಿಚ್ಕೋತದ.

ಶಹಾಪುರ_ಟೇಲರ್

ಬಡಿಗೇರ ಅಣ್ಣ ಮೇಜು ಹೇಳ್ಯಾರ, ನಾನು ಮಶೀನು ಹೇಳ್ತೀನಿ.

ಹೊಸಾ ಪ್ಲಾಸ್ಟಿಕ್ ಮೈ ಮಶೀನಿಗಿಂತ ಹಳೇ ಕರೀ ಕಾಲ ಮಶೀನು ತಗೋರಿ ಅಕ್ಕೋರೆ. ಕಾರಣ ಅದ. ನಮ್ಮ ದೇಶದ ಮನಿ ಮಶೀನುಗಳು ಹೆಚ್ಚಾಗಿ ಸಿಂಗರ್ 15ರ ನಮೂನಿ ಮ್ಯಾಲೇ ಬಂದಾವ. ಹಂಗಾಗಿ ಉಷಾ ಇರ್ಲಿ, ಮೆರಿಟ್ ಇರ್ಲಿ, ಹೆಸರು ಅಳಿಸಿ ಹೋದದ್ದೇ ಇರ್ಲಿ, ಬಾಬಿನ್, ಬಾಬಿನ್ ಕೇಸು, ಸೂಜಿ, ಪಟ್ಟಾ ಎಲ್ಲಾ ಒಂದಕ್ಕೊಂದು ಕೂಡ್ತಾವ. ಶಹಾಪುರದಂಥ ತಾಲೂಕು ಊರಾಗೂ ಸ್ಪೇರ್ ಸಿಗ್ತಾವ. ಕಂಪ್ಯೂಟರ್ ಮಶೀನಿನ ಬೋರ್ಡು ಸುಟ್ರ ಹೈದರಾಬಾದಿಗೆ ಓಡಬೇಕಾಗ್ತದ.

ಹಳೇ ಮಶೀನು ನೋಡೂ ಮುಂದ ಗಡಬಡಿ ಮಾಡಬ್ಯಾಡ್ರಿ. ದಾರ ತಗದು ಗಾಲಿ ಕೈಲೆ ಮೆಲ್ಲಕ ತಿರಗಸ್ರಿ. ಒಂದು ಸುತ್ತಿನಾಗ ಎಲ್ಲೆರ ಬಿಗಿ ಹಿಡದ್ರ ಎಣ್ಣಿ ಒಣಗ್ಯಾದ, ಅಥವಾ ಒಳಗ ಏನೋ ಬಾಗ್ಯಾದ. ಎಣ್ಣಿ ಒಣಗಿದ್ರ ಸೀಮೆಎಣ್ಣಿ ನಾಲ್ಕು ಹನಿ ಬಿಟ್ಟು ಓಡಿಸಿ, ಒರಸಿ, ಮಶೀನಿನ ಎಣ್ಣಿ ಹಾಕಿದ್ರ ಬಿಡ್ತದ. ಆಮ್ಯಾಲ ಸೂಜಿ ಕಂಬ ಹಿಡದು ಎಡಕ್ಕ ಬಲಕ್ಕ ಅಲ್ಲಾಡಿಸಿ ನೋಡ್ರಿ, ಆಟ ಇರಬಾರದು. ಆಟ ಇದ್ದದ್ದು ಹೊಲಿಗಿ ಬಿಟ್ಟು ಬಿಟ್ಟು ಹಾಕ್ತದ, ಅದನ್ನ ರಿಪೇರಿ ಮಾಡೂ ಖರ್ಚಿನಾಗ ಇನ್ನೊಂದು ಮಶೀನು ಬರ್ತದ. ಬಟ್ಟಿ ದೂಡೂ ಹಲ್ಲಿನ ಮ್ಯಾಲ ಬಟ್ಟು ಆಡಸ್ರಿ, ಚುಚ್ಚಬೇಕು. ನುಣ್ಣಗ ಆಗಿದ್ರ ಕೌದಿಯಂಥ ದಪ್ಪ ಬಟ್ಟಿ ಮುಂದ ಹೋಗೂದಿಲ್ಲ. ಆದ್ರ ಹಲ್ಲು ಬದಲಿ ಮಾಡೂದು ಅಗ್ಗ, ಅದಕ್ಕಂತ ಮಶೀನು ಬಿಡಬ್ಯಾಡ್ರಿ, ಭಾವ ಇಳಸ್ರಿ.

ಬಾಬಿನ್ ಕೇಸಿಗೆ ಒಂದು ಪರೀಕ್ಷಾ: ಬಾಬಿನ್ ತುಂಬಿ, ಹೊರಗ ಬಂದ ದಾರ ಹಿಡದು ಕೇಸನ್ನ ತೂಗ ಬಿಡ್ರಿ. ತಾನಾಗೇ ಇಳೀಬಾರದು. ಸಣ್ಣಗ ಜಗ್ಗಿದ್ರ ಒಂದೆರಡು ಇಂಚು ಇಳದು ನಿಲ್ಲಬೇಕು. ಅಷ್ಟಾದ್ರ ಬಿಗಿ ಸರಿ ಅದ.

ನಿಮ್ಮ ಸಂಗಡ ಎರಡು ಬಟ್ಟಿ ಒಯ್ರಿ, ಒಂದು ತೆಳ್ಳನ ವಾಯಲ್, ಇನ್ನೊಂದು ನಾಲ್ಕು ಪದರಿನ ಹಳೇ ಸೀರಿ. ಎರಡರ ಮ್ಯಾಲೂ ಹೊಲಿಸಿ ನೋಡ್ದೇ ರೊಕ್ಕ ಕೊಡಬ್ಯಾಡ್ರಿ. ಯಾರ ಮಶೀನು, ಎಲ್ಲಿಂದ ಬಂತು ಅಂತ ಒಂದು ಚೀಟಿ ಬರಸ್ಕೋರಿ. ಕಳವಿನ ಮಾಲು ಮನಿಗೆ ಬರಬಾರದು.

ಸೇಡಂ_ರೋಡ್_ತಮ್ಮ

ಟೇಲರ್ ಅಣ್ಣಾ, ಗಾರ್ಮೆಂಟ್ಸ್‌ನಿಂದ ಬರುವ ಹಳೇ ಜೂಕಿ ಕಂಪನಿ ಮಶೀನು ಹೆಂಗೆ? ನನ್ನ ಹೆಂಡತಿಗೆ ಒಬ್ಬರು ಕೊಡ್ತೀನಿ ಅಂದಾರ.

ಶಹಾಪುರ_ಟೇಲರ್

ಮಶೀನು ಭಾರೀ ಅದ, ಆದ್ರ ಮನಿ ಖೋಲಿಗೆ ಯಾಕ? ಅದರ ಟೇಬಲ್ಲೇ ನಾಲ್ಕು ಫೂಟು ಜಾಗ ತಿಂತದ. ಹಳೇವುಗಳಿಗೆ ಕ್ಲಚ್ ಮೋಟರ್ ಇರ್ತದ, ನೀವು ಹೊಲೀರಿ ಬಿಡ್ರಿ ಸ್ವಿಚ್ ಹಾಕಿದಾಗಿನಿಂದ ಗುಂಯ್ ಅಂತ ತಿರಗತಾನೇ ಇರ್ತದ. ದಿನಾ ಗಿರಾಕಿ ಬಟ್ಟಿ ಹೊಲಿಯೋರು ಇದ್ರ ತಗೋರಿ, ಸರ್ವೋ ಮೋಟರ್ ಕೂಡಸ್ರಿ, ಕರೆಂಟು ಭಾಳ ಉಳೀತದ. ಮನಿ ಮಂದಿ ಬಟ್ಟಿಗೆ, ಕೌದಿ ಅಂಚಿಗೆ ಕಾಲ ಮಶೀನೇ ಸಾಕು. ಕರೆಂಟು ಹೋದ್ರೂ ನಡೀತದ, ಅದು ನಮ್ಮ ಕಡಿ ಸಣ್ಣ ಮಾತಲ್ಲ.

ಚೌಬಾರಾ_ಆಪಾ (ಬೀದರ)

ಎಲ್ಲಾರೂ ಮೇಜು ಮೇಜು ಅನ್ಲಾಕತ್ತೀರಿ. ನನ್ನ ಮಾತು ಬ್ಯಾರೆ ಅದ.

ನಮ್ಮ ತವರುಮನಿಯಾಗ ಬಿದ್ರಿ ಕೆಲಸ. ಜಸ್ತದಾಗ ತಾಮ್ರ ಕೂಡಿಸಿ ಎರಕ ಹೊಯ್ದ ಹೂಜಿ, ತಟ್ಟಿ, ಅದರ ಮ್ಯಾಲ ಚಾಣದಿಂದ ಗೆರಿ ಕೊರದು ಬೆಳ್ಳಿ ತಂತಿ ಕೂಡಸೂದು, ಎಲ್ಲಾ ನೆಲದ ಮ್ಯಾಲ ಕುಂತೇ. ಚಾಣಕ್ಕ ಸುತ್ತಿಗಿ ಏಟು ಬಿದ್ದಾಗ ಕೆಳಗಿಂದು ಅಲ್ಲಾಡಬಾರದು. ಟೇಬಲ್ ಹೆಂಗಿದ್ರೂ ಥೋಡೆ ಅಲ್ಲಾಡ್ತದ, ನೆಲ ಅಲ್ಲಾಡೂದಿಲ್ಲ. ಕೆಲಸಕ್ಕ ಏನು ಬೇಕು ಅದನ್ನ ಮೊದಲ ಕೇಳ್ಕೊಂಡು ಆಮ್ಯಾಲ ಸಾಮಾನು ಹುಡಕೂದು ನಮ್ಮ ಅಬ್ಬಾಜಾನ್ ಕಲಿಸಿದ್ದು.

ಕೌದಿ ಅಂತೂ ನೆಲದ ಕೆಲಸನೇ. ಆರು ಫೂಟಿನ ಪದರುಗಳನ್ನ ಸುಕ್ಕಿಲ್ಲದಂಗ ಹಾಸಿ, ನಾಲ್ಕೂ ಮೂಲಿಗೆ ಭಾರ ಇಟ್ಟು, ಕಚ್ಚಾ ಟಾಕಿ ಹಾಕಬೇಕು. ಅದಕ್ಕ ತಕ್ಕ ಟೇಬಲ್ ಇಟ್ರ ನಿಮ್ಮ ಖೋಲ್ಯಾಗ ಕಾಲಿಡ್ಲಾಕ ಜಾಗ ಇರೂದಿಲ್ಲ. ಖೋಲಿ ನಡುವ ಆರು ಫೂಟು ಚೌಕ ನೆಲ ಖಾಲಿ ಬಿಡ್ರಿ, ಉಳಿದದ್ದು ಗ್ವಾಡಿಗೆ ಹಚ್ಚಿ ಇಡ್ರಿ. ಕಸೂತಿಗೆ ಒಂದು ಗಾದಿ, ಅದರ ಮುಂದ ಮುನಿಮರು (ಅಂಗಡಿ ಲೆಕ್ಕದವರು) ಬರೀತಿದ್ದ ಇಳಿಜಾರಿನ ಸಣ್ಣ ಡೆಸ್ಕು. ಅದರ ಮುಚ್ಚಳ ಎತ್ತಿದ್ರ ಒಳಗ ದಾರ, ಕನ್ನಡಿ, ಕತ್ತರಿ ಎಲ್ಲಾ ಕೂಡ್ತಾವ. ಇಳಿಜಾರು ಇರೂದ್ರಿಂದ ಕುತ್ತಿಗಿ ಬಗ್ಗಸೂದು ಕಮ್ಮಿ.

ಗಂಜ್_ಅಕೌಂಟು (ಕಲಬುರಗಿ)

ಆಪಾ ಖರೇ ಹೇಳ್ಯಾರ. ಆ ಡೆಸ್ಕುಗಳು ನೆಹರೂ ಗಂಜ್‌ನಾಗ ಇನ್ನೂ ಅವ. ಅಡತಿ ಅಂಗಡಿ, ದಾಲ್ ಮಿಲ್ಲುಗಳಾಗ ಲೆಕ್ಕ ಕಂಪ್ಯೂಟರಿಗೆ ಹೋದ ಮ್ಯಾಲ ಅವು ಮಾಳಗಿ ಸೇರ್ಯಾವ. ಅಂಗಡಿಯವರಿಗೆ ಜಾಗ ಬೇಕಾಗಿರ್ತದ, ಕೇಳಿದ್ರ ಕೊಡ್ತಾರ. ತೊಗರಿ ಬರೂ ದಿನದಾಗ, ಡಿಸೆಂಬರದಿಂದ ಫೆಬ್ರವರಿ ತನಕ, ಯಾರಿಗೂ ತಲಿ ಎತ್ಲಾಕ ಪುರಸೊತ್ತಿರೂದಿಲ್ಲ, ಆವಾಗ ಹೋಗಬ್ಯಾಡ್ರಿ. ದೀಪಾವಳಿ ಪೂಜಾಕ್ಕ ಅಂಗಡಿ ತೊಳೀತಾರ, ಅದರ ಹಿಂದಿನ ವಾರ ಹೋಗ್ರಿ.

ಗಂಜ್‌ನಾಗ ಇನ್ನೂ ಎರಡು ಸಿಗ್ತಾವ. 15 ಕೆಜಿ ಎಣ್ಣಿ ಡಬ್ಬಿ, ಮ್ಯಾಲಿನ ತಗಡು ಕತ್ತರಿಸಿ ಅಂಚು ಒಳಗ ಮಡಚಿ ಬಡದ್ರ ಬಟ್ಟಿ ತುಂಡು, ಉಣ್ಣಿ ಉಂಡಿ ಇಡ್ಲಾಕ ಛಲೋ. ಮತ್ತ ಬಾರದಾನ, ಅಂದ್ರ ಹಳೇ ಸೆಣಬಿನ ಚೀಲ. ಹುಡುಗ್ರು ಕುಂದರ್ಲಾಕ, ಗ್ವಾಡಿಗೆ ಕಿಸೆ ಹೊಲದು ತೂಗ ಹಾಕ್ಲಾಕ. ಮೊದಲ ಬಿಸಲಿಗೆ ಝಾಡಿಸಿ ಒಣಗಸ್ರಿ, ಕಾಳಿನ ನುಸಿ ಇರ್ತಾವ.

ಯಾದಗಿರಿ_ನಿವೃತ್ತ_ಶಿಕ್ಷಕ

ಸಹೋದರಿ, ನಾನು ಬರವಣಿಗೆಯಲ್ಲಿ ಶಾಲೆಯ ಕನ್ನಡದವನು, ಹಾಗೇ ಬರೆಯುತ್ತೇನೆ.

ಹೆಚ್ಚಿನವರು ಮನೆಗಳಿಂದ ಬರುವ ಹಳೆಯ ಸಾಮಾನನ್ನಷ್ಟೇ ನೋಡುತ್ತಾರೆ. ಕೈಕೆಲಸಕ್ಕೆ ಅದಕ್ಕಿಂತ ಒಗ್ಗುವುದು ಕಚೇರಿ, ಶಾಲೆ, ದವಾಖಾನೆ, ಅಂಗಡಿಗಳಿಂದ ಹೊರಬಿದ್ದದ್ದು. ಅವನ್ನು ದಿನವಿಡೀ ಒಂದೇ ಕೆಲಸ ಮಾಡುವವರಿಗಾಗಿ ಮಾಡಿರುತ್ತಾರೆ. ಟೈಪಿಂಗ್ ಕಲಿಸುವ ಸಂಸ್ಥೆಗಳ ಮೇಜನ್ನೇ ತೆಗೆದುಕೊಳ್ಳಿ. ಅದು ಬರೆಯುವ ಮೇಜಿಗಿಂತ ಎರಡು ಮೂರು ಇಂಚು ತಗ್ಗು. ಯಂತ್ರ ಮೇಲೆ ಕುಳಿತಾಗ ಕೈ ಸರಿಯಾದ ಎತ್ತರಕ್ಕೆ ಬರಲಿ ಎಂದು ಹಾಗೆ ಮಾಡಿದ್ದು. ಮೋಟಾರಿನ ಸಣ್ಣ ಹೊಲಿಗೆ ಯಂತ್ರ ಇಡುವವರಿಗೂ ಅದೇ ಎತ್ತರ ಬೇಕು. ಈ ಸಂಸ್ಥೆಗಳು ಊರೂರಲ್ಲಿ ಮುಚ್ಚುತ್ತಿವೆ, ಮೇಜುಗಳು ಮೂಲೆಯಲ್ಲಿ ಬಿದ್ದಿವೆ. ಪ್ರಯೋಗಾಲಯದ ತಿರುಗುವ ಸ್ಟೂಲು ಸಿಕ್ಕರೆ ಬಿಡಬೇಡಿ. ಸ್ಕ್ರೂ ತಿರುಗಿಸಿದರೆ ಎತ್ತರ ಏರುತ್ತದೆ, ಇಳಿಯುತ್ತದೆ, ಕೆಡುವ ಭಾಗವೇ ಇಲ್ಲ. ಗ್ರಂಥಾಲಯದ ಕಾರ್ಡು ಡ್ರಾವರುಗಳು ಮಣಿ, ಗುಂಡಿ, ಹುಕ್ಕುಗಳಿಗೆ ಹೇಳಿ ಮಾಡಿಸಿದಂತಿರುತ್ತವೆ. ಪ್ರತಿ ಡ್ರಾವರಿನ ಮುಂದೆ ಚೀಟಿ ಸಿಕ್ಕಿಸುವ ಹಿತ್ತಾಳೆಯ ಚೌಕಟ್ಟೂ ಇರುತ್ತದೆ.

ಸರಕಾರಿ ಕಚೇರಿ, ಶಾಲೆಗಳ ಹಳೆಯ ಪೀಠೋಪಕರಣ ಹರಾಜಿನಲ್ಲಿ ಹೋಗುತ್ತದೆ. ಠೇವಣಿ ಇಟ್ಟು ಇಡೀ ಲಾಟನ್ನು ಕೊಳ್ಳಬೇಕಾದ್ದರಿಂದ ಒಂದು ಮೇಜು ಬೇಕಾದ ಮನೆಯವರಿಗೆ ಅದು ಒಗ್ಗುವುದಿಲ್ಲ. ಲಾಟು ಹಿಡಿಯುವವರು ಭಂಗಾರದವರೇ, ಎಂದರೆ ಗುಜರಿಯವರೇ. ಅವರ ಪರಿಚಯ ಮಾಡಿಕೊಂಡು, "ಡ್ರಾವರು ಬಂದರೆ ಒಡೆಯುವ ಮೊದಲು ನನಗೆ ಹೇಳಿ" ಎಂದು ನಂಬರು ಕೊಟ್ಟಿಡಿ. ಕಬ್ಬಿಣದ ಆಸೆಗೆ ಒಳ್ಳೆಯ ಕಟ್ಟಿಗೆಯನ್ನು ಒಡೆದು ಹಾಕುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಒಂದು ಎಚ್ಚರಿಕೆಯ ಮಾತು. ಮಕ್ಕಳು ಬಂದು ಕೂರುವ ಖೋಲಿ ಎಂದಿದ್ದೀರಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ನಮ್ಮ ದೇಶದಲ್ಲಿ ಮನೆ ಬಣ್ಣದ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಿಂದ. ಅದಕ್ಕೂ ಹಿಂದೆ ಬಳಿದ ಬಣ್ಣವನ್ನು ಒಣ ಪಾಲಿಶ್ ಕಾಗದದಿಂದ ತಿಕ್ಕಬೇಡಿ. ಆ ಧೂಳು ಮಕ್ಕಳ ಮಿದುಳಿಗೆ ಹಾನಿ. ನೀರು ಹಚ್ಚುತ್ತಾ ವಾಟರ್ ಪೇಪರಿನಿಂದ ಹೊರಗೆ ಅಂಗಳದಲ್ಲಿ ತಿಕ್ಕಿ, ಒದ್ದೆ ಬಟ್ಟೆಯಿಂದ ಒರೆಸಿ, ಮೇಲೆ ಹೊಸ ಬಣ್ಣ ಕೊಡಿ. ಬಣ್ಣ ಗಟ್ಟಿಯಾಗಿ ಕೂತಿದ್ದರೆ ಕೆರೆಯುವುದೇ ಬೇಡ, ಅದರ ಮೇಲೆಯೇ ಬಳಿಯಿರಿ.

ತಾಂಡಾ_ಕಸೂತಿ (ಚಿಂಚೋಳಿ)

ಮೇಷ್ಟ್ರು ದವಾಖಾನಿ ಹೆಸರು ತಗದ್ರು, ಅದಕ್ಕ ಬರ್ಲಾಕತ್ತೀನಿ. ಎಕ್ಸ್‌ರೇ ಹಚ್ಚಿ ನೋಡೂ ಬಿಳೀ ಲೈಟಿನ ಡಬ್ಬಿ ನೋಡೀರಲ್ಲ, ಗ್ವಾಡಿಗೆ ತೂಗ ಹಾಕಿರ್ತಾರ. ಈಗ ಎಕ್ಸ್‌ರೇ ಎಲ್ಲಾ ಕಂಪ್ಯೂಟರಿನಾಗ ನೋಡ್ತಾರ. ಹಂಗಾಗಿ ಸಣ್ಣ ದವಾಖಾನಿಗಳಾಗ ಅವು ಕೆಲಸಿಲ್ಲದೇ ಬಿದ್ದಾವ. ನಾನು ಒಂದು ತಂದು ಅಡ್ಡ ಮಲಗಿಸಿ ಇಟ್ಟೀನಿ. ಮ್ಯಾಲ ಚಿತ್ತಾರ ಬರದ ಹಾಳಿ, ಅದರ ಮ್ಯಾಲ ಬಟ್ಟಿ ಇಟ್ಟು ಸ್ವಿಚ್ ಹಾಕಿದ್ರ ಗೆರಿ ನಿಚ್ಚಳ ಕಾಣ್ತದ, ಪೆನ್ಸಿಲಿಂದ ಎತ್ತಕೋಬಹುದು. ಕಾರ್ಬನ್ ಹಾಳಿ ಬ್ಯಾಡ, ಬಿಳೀ ಬಟ್ಟಿಗೆ ಕಲಿ ಆಗೂದಿಲ್ಲ. ಕೆಂಪು, ಕರೀ ದಪ್ಪ ಬಟ್ಟಿಗೆ ಮಾತ್ರ ಇದು ನಡಿಯೂದಿಲ್ಲ, ಬೆಳಕು ಹಾಯೂದಿಲ್ಲ. ಹಳೇ ಡಬ್ಬಿ ಒಳಗ ಟ್ಯೂಬ್‌ಲೈಟು, ಚೋಕು ಇರ್ತಾವ, ಬಿಸಿ ಆಗ್ತಾವ. ಅವನ್ನ ತಗಸಿ ಎಲ್‌ಇಡಿ ಪಟ್ಟಿ ಕೂಡಸ್ರಿ. ಟ್ಯೂಬ್ ಒಡೀಬ್ಯಾಡ್ರಿ, ಒಳಗ ಪಾದರಸ ಇರ್ತದ.

ಅಕ್ಕ, ನಿಮಗ ಬಡಗಣ ಕಿಟಕಿ ಅದ ಅಂದ್ರಿ. ಅದು ನಿಮ್ಮ 15,000ಕ್ಕಿಂತ ದೊಡ್ಡ ಆಸ್ತಿ. ಬ್ಯಾಸಗಿ ದಿನ ಬಿಟ್ರ ಬಡಗಣ ಬೆಳಕು ಹೆಚ್ಚೂಕಮ್ಮಿ ಒಂದೇ ಸಮ ಇರ್ತದ, ಕನ್ನಡಿ ಮ್ಯಾಲ ಬಿಸಲು ಹೊಳದು ಕಣ್ಣಿಗೆ ಹೊಡಿಯೂದು ಕಮ್ಮಿ. ಕಿಟಕಿ ಮುಂದ ತಿಜೂರಿ (ಕಬ್ಬಿಣದ ಕಪಾಟು), ರ್ಯಾಕು ಏನೂ ಇಡಬ್ಯಾಡ್ರಿ. ಡೆಸ್ಕು ಅಲ್ಲೇ ಇಡ್ರಿ, ಬೆಳಕು ಎಡಗಡಿಯಿಂದ ಬರೂಹಂಗ. ಎಡಗೈಯಿಂದ ಹೊಲಿಯೋರಾದ್ರ ಬಲಗಡಿಯಿಂದ.

ಕತ್ತರಿ ಹಳೇದೇ ತಗೋರಿ. ಮೀರಟ್ಟಿನ ಹಿತ್ತಾಳಿ ಹಿಡಿಕಿ ಕತ್ತರಿ ಎಷ್ಟು ಸಲ ಸಾಣಿ ಹಿಡಿಸಿದ್ರೂ ಮತ್ತ ಹೊಸಾದಾಗ್ತದ. ಸೂಜಿ ಮಾತ್ರ ಹೊಸಾವು.

ಸೇಡಂ_ರೋಡ್_ತಮ್ಮ

ಲೈಟಿನ ಮಾತು ಬಂತಂತ ಹೇಳ್ತೀನಿ. ವೈರಿಂಗ್, ಸ್ವಿಚ್, ಎಕ್ಸ್‌ಟೆನ್ಶನ್ ಬೋರ್ಡ್ ಇವನ್ನ ಹಳೇದು ತಗೋಬ್ಯಾಡ್ರಿ. ಇಸ್ತ್ರಿ ಪೆಟ್ಟಿಗಿ 750ರಿಂದ 1000 ವಾಟ್ ಎಳೀತದ, ತೆಳ್ಳನ ವೈರಿನ ಹಳೇ ಬೋರ್ಡಿಗೆ ಹಚ್ಚಿದ್ರ ಬಿಸಿ ಆಗಿ ಕರಗ್ತದ. ಸುತ್ತ ಬಟ್ಟಿ ಇರೂ ಖೋಲಿ ಅದು. ಗ್ವಾಡ್ಯಾನ ಪಾಯಿಂಟಿಗೇ ಹಚ್ಚ್ರಿ. ಒಂದು 20 ವಾಟಿನ ಎಲ್‌ಇಡಿ ಟ್ಯೂಬು ಖೋಲಿಗೆ ಸಾಕು. ದಾರದ ಬಣ್ಣ ಕೂಡಸೂ ಕೆಲಸ ಇದ್ರ ಸಿಆರ್‌ಐ (ಬಣ್ಣ ಎಷ್ಟು ಖರೇ ಕಾಣ್ತಾವ ಅನ್ನೂ ಅಂಕಿ) 90 ಅಂತ ಬರದದ್ದು ತಗೋರಿ. ಇಲ್ಲಂದ್ರ ರಾತ್ರಿ ಮೆಂತೆ ಹಸರು ಅಂತ ಹೊಲದದ್ದು ಮುಂಜಾನಿ ಬ್ಯಾರೇ ಹಸರು ಕಾಣ್ತದ.

ಫೋನಿನಾಗ ಹಳೇ ಸಾಮಾನು ನೋಡೋರು ಒಂದು ನೆನಪಿಡ್ರಿ. ರೊಕ್ಕ ಬರ್ಲಾಕ ಕ್ಯೂಆರ್ ಸ್ಕ್ಯಾನ್ ಮಾಡೂದು, ಪಿನ್ ಹಾಕೂದು ಎಂದೂ ಇಲ್ಲ. ಅವು ರೊಕ್ಕ ಹೋಗ್ಲಾಕ ಅಷ್ಟೇ. ಮಿಲಿಟರಿ ಮಂದಿ, ಟ್ರಾನ್ಸ್‌ಫರ್ ಆಗ್ಯಾದ, ಲಗೂ ಅಡ್ವಾನ್ಸ್ ಹಾಕ್ರಿ ಅಂದ್ರ ಫೋನ್ ಇಡ್ರಿ. ಸಾಮಾನು ಕಣ್ಣಿಲೆ ನೋಡಿ ಕೈಯಾಗ ರೊಕ್ಕ ಕೊಡ್ರಿ. ರೊಕ್ಕ ಹೋದ್ರ ತಡಾ ಮಾಡದೇ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ಚ್ರಿ.

ಕೌದಿ_ಖೋಲಿ (ಕಲಬುರಗಿ)

ಎಲ್ಲರಿಗೂ ಭಾಳ ಉಪಕಾರ ಆಯ್ತು. ಆಪಾ ಹೇಳಿದ್ದು ಓದಿ ಖೋಲಿ ನಕಾಶಿನೇ ಬದಲಿ ಆಯ್ತು, ನಡುವ ನೆಲ ಖಾಲಿ ಬಿಡೂದಂತ ನಿಕ್ಕಿ ಮಾಡೀನಿ.

ಇಲ್ಲಿ ತನಕ ಆದದ್ದು: ಟೈಪಿಂಗ್ ಮೇಜು 700ಕ್ಕ ಬಂತು. ಕಾಲ ಮಶೀನು 3,500ಕ್ಕ, ಟೇಲರ್ ಅಣ್ಣ ಹೇಳಿದಂಗ ಹಲ್ಲು ಸವದಿದ್ದು ತೋರಿಸಿ ಭಾವ ಇಳಸ್ದೆ. ಮುನಿಮರ ಡೆಸ್ಕು ಗಂಜ್‌ನಾಗ ಒಬ್ಬರು ರೊಕ್ಕನೇ ತಗೊಳ್ಳಿಲ್ಲ, ಒಂದು ಕೌದಿ ಹೊಲದು ಕೊಡವಾ ಅಂದ್ರು. ಕಬ್ಬಿಣದ ತಿಜೂರಿ 2,800ಕ್ಕ ನೋಡೀನಿ, ಕೆಳಗ ಜಂಗ್ ಹಿಡದದ.

ಈಗ ಕತ್ತರಸೂ ಮೇಜಿಂದು. ಸಾಗವಾನಿ ಕದದ ಬದಲಿ ಶಹಾಬಾದಿ ಫರಸಿ ಹಾಕಿದ್ರ ಹೆಂಗ? ಮನಿ ಹಿಂದ ಮೂರು ಫರಸಿ ಬಿದ್ದಾವ, ಪಾಲಿಶ್ ಆದವು. ಮತ್ತ ರ್ಯಾಕು ತೆರದದ್ದು ಬೇಕೋ, ಬಾಗಲ ಇದ್ದದ್ದು ಬೇಕೋ?

ಆಳಂದ_ಬಡಿಗ

ಫರಸಿ ಬ್ಯಾಡ್ರಿ ಅಕ್ಕೋರೆ. ಒಂದು ಇಂಚು ದಪ್ಪಂದು ಚೌಕ ಫೂಟಿಗೆ ಆರು ಕೆಜಿ ಬರ್ತದ. ಎರಡು ಫೂಟು, ನಾಲ್ಕು ಫೂಟಿನ ಒಂದು ಫರಸಿ ಹತ್ತಿರ ಹತ್ತಿರ 50 ಕೆಜಿ. ಕೆಳಗಿನ ಸ್ಟ್ಯಾಂಡು ನಡುವ ಆಧಾರ ಕೊಡ್ದಿದ್ರ ಒಂದಿನ ಮುರೀತದ, ಹುಡುಗ್ರ ಕಾಲ ಮ್ಯಾಲ ಬೀಳ್ತದ. ಸರಸ್ಲಾಕೂ ಬರೂದಿಲ್ಲ.

ಚೌಬಾರಾ_ಆಪಾ (ಬೀದರ)

ಭಯ್ಯಾ, ಪೂರಾ ಬ್ಯಾಡ ಅನಬ್ಯಾಡ್ರಿ. ದೊಡ್ಡ ಮೇಜಿಗೆ ಬ್ಯಾಡ, ಒಪ್ಪಿದೆ. ಆದ್ರ ಬಿಸಿ ಕೆಲಸಕ್ಕ ಫರಸಿಯಷ್ಟು ಛಲೋ ಯಾವುದೂ ಇಲ್ಲ. ಒಂದು ತುಂಡು ಎರಡು ಫೂಟು ಚೌಕ ಕತ್ತರಿಸಿ, ಗ್ವಾಡಿ ಮೂಲ್ಯಾಗ ಇಟ್ಟಂಗಿ ಕಟ್ಟಿ ಮ್ಯಾಲ ಕೂಡಸ್ರಿ. ಇಸ್ತ್ರಿ ಪೆಟ್ಟಿಗಿ, ಗೋಂದಿನ ಗನ್ನು, ಮೇಣ ಕರಗಸೂದು ಎಲ್ಲಾ ಅದರ ಮ್ಯಾಲ. ಸುಡೂದಿಲ್ಲ. ನಿಂಬಿಹಣ್ಣು, ಸಿರ್ಕಾ ಮಾತ್ರ ಚೆಲ್ಲಬಾರದು. ಅದು ಸುಣ್ಣದ ಕಲ್ಲು, ಹುಳಿ ಬಿದ್ದ ಜಾಗ ಹೊಳಪು ಹೋಗಿ ಬೆಳ್ಳಗ ಕಲಿ ಆಗ್ತದ.

ಆಳಂದ_ಬಡಿಗ

ಹಂಗಿದ್ರ ಅಡ್ಡಿ ಇಲ್ಲ ಆಪಾ. ಮೂಲ್ಯಾಗ ಕಟ್ಟಿ ಮ್ಯಾಲ ಕೂಡಿಸಿದ್ರ ಛಲೋನೇ. ಕತ್ತರಸ್ಲಾಕ ಕದನೇ ಮಾಡ್ರಿ, ಮಡಚೂ ಕಾಲು ಹಚ್ಚಿಸಿದ್ರ ಕೌದಿ ಹಾಸೂ ಮುಂದ ಗ್ವಾಡಿಗೆ ಒರಗಿಸಿ ಇಡಬಹುದು.

ತಿಜೂರಿ ಜಂಗ್ ಮ್ಯಾಲಿನ ಮ್ಯಾಲ ಇದ್ರ, ಮೇಷ್ಟ್ರು ಹೇಳಿದಂಗ ಹೊರಗ ನೀರು ಹಚ್ಚಿ 120 ನಂಬರ್ ವಾಟರ್ ಪೇಪರಿಂದ ತಿಕ್ಕಿ, ಒರಸಿ ಒಣಗಿಸಿ ರೆಡ್ ಆಕ್ಸೈಡ್ ಹಚ್ಚ್ರಿ, ಒಣಗಿದ ಮ್ಯಾಲ ಎನಾಮಲ್. ಮೊದಲ ಸ್ಕ್ರೂಡ್ರೈವರಿಂದ ತಳಾ ಕುಟ್ಟಿ ನೋಡ್ರಿ, ತೂತು ಬಿದ್ರ ಭಂಗಾರದ ಭಾವದಾಗ ಅಷ್ಟೇ ಕೇಳ್ರಿ. ಅಲ್ಲಾಡೂ ಕಟ್ಟಿಗಿ ಕುರ್ಸಿ, ಸ್ಟೂಲು ಬಿಗಿ ಮಾಡ್ಲಾಕ ಸಂದಿಗೆ ಫೆವಿಕಾಲ್ ತುಂಬಿ ಸೈಕಲ್ಲಿನ ಹಳೇ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿ ಒಂದು ರಾತ್ರಿ ಬಿಡ್ರಿ. ಡ್ರಾವರ್ ಜಾರ್ಲಿಲ್ಲಂದ್ರ ಮೇಣಬತ್ತಿ ತಿಕ್ಕ್ರಿ.

ತಾಂಡಾ_ಕಸೂತಿ (ಚಿಂಚೋಳಿ)

ರ್ಯಾಕಿಗೆ ಬಾಗಲ ಇರಬೇಕು ಅಕ್ಕ. ನಮ್ಮ ಎರಿ ಹೊಲದ ಧೂಳು ಮಾರ್ಚದಾಗ ಸುರು ಆದ್ರ ಮಳಿ ತನಕ ಬಿಡೂದಿಲ್ಲ. ತೆರದ ರ್ಯಾಕಿನಾಗ ಬಿಳೀ ದಾರ ಇಟ್ಟು ನೋಡ್ರಿ. ಕಿರಾಣಿ ಅಂಗಡಿ ಬಂದ್ ಮಾಡೋರ ಕಾಜಿನ ಕಪಾಟು ಸಿಕ್ರ ಅದೇ ತಗೋರಿ, ಧೂಳೂ ಹೋಗೂದಿಲ್ಲ, ಒಳಗ ಏನದ ಅಂತ ಕಾಣ್ತದ.

ಗಂಜ್_ಅಕೌಂಟು (ಕಲಬುರಗಿ)

ಕಾಜಿನ ಕಪಾಟು ತುಟ್ಟಿ ಆಯ್ತಂದ್ರ ಮೆಡಿಕಲ್ ಅಂಗಡಿಯವರ ತೂತಿನ ಆಂಗಲ್ ರ್ಯಾಕು ನೋಡ್ರಿ, ಭಂಗಾರದಾಗ ತೂಕದ ಮ್ಯಾಲ ಸಿಗ್ತದ. ಮುಂದ ಹಳೇ ಕಾಟನ್ ಸೀರಿ ಪರದೆ ಮಾಡಿ ತಂತಿಗೆ ಪೋಣಸ್ರಿ. ಮ್ಯಾಲ ಗ್ವಾಡಿಗೆ ಕ್ಲ್ಯಾಂಪು ಹೊಡಿಯೂದು ಮರೀಬ್ಯಾಡ್ರಿ, ಹುಡುಗ್ರು ಏರ್ತಾವ.

ಯಾದಗಿರಿ_ನಿವೃತ್ತ_ಶಿಕ್ಷಕ

ಸುಣ್ಣ ಬಣ್ಣದ ಹಂಗಾಮು ನೋಡಿಕೊಂಡು ಹೋಗಿ. ಯುಗಾದಿ, ದೀಪಾವಳಿ, ರಂಜಾನ್‌ಗೆ ಮುಂಚೆ ಮನೆಗಳಿಂದ ಸಾಮಾನು ಹೊರಬೀಳುತ್ತದೆ. ಮೇ, ಜೂನ್‌ನಲ್ಲಿ ವರ್ಗಾವಣೆಯಾದ ನೌಕರರು ಮನೆ ಖಾಲಿ ಮಾಡುತ್ತಾರೆ. ಆಗ ಭಂಗಾರದವರಿಗಿಂತ ಮೊದಲು ನೀವು ಹೋದರೆ ಇಬ್ಬರಿಗೂ ಲಾಭ.

ಹುಮನಾಬಾದ್_ಹೊಸಬಿ

ನಾನೂ ಓದ್ಲಾಕತ್ತೀನಿ. ಹಳೇ ಸಾಮಾನು ಅಂದ್ರ ನಮ್ಮ ಅತ್ತಿಯವರು ತಗಣಿ ಬರ್ತಾವಂತ ಒಳಗ ಬಿಡವಲ್ರು. ಬೆತ್ತದ ಕುರ್ಸಿ ಎರಡು ತಂದು ಹೊರಗೇ ಇಟ್ಟೀನಿ. ಏನು ಮಾಡ್ಲಿ?

ಚೌಬಾರಾ_ಆಪಾ (ಬೀದರ)

ಅತ್ತಿಯವರು ಹೇಳೂದು ಸರಿ ಅದ ಬೇಟಿ, ನೋಡ್ದೇ ಒಳಗ ತರಬಾರದು. ಬೆತ್ತದ ಹೆಣಿಗಿ ಸಂದಿ, ಸ್ಕ್ರೂ ತೂತು, ಕೆಳಗಿನ ಮೂಲಿ ಟಾರ್ಚ್ ಹಚ್ಚಿ ನೋಡು. ಕರೀ ಚುಕ್ಕಿ, ಒಣಗಿದ ಸಿಪ್ಪಿ ಇದ್ರ ತಗಣಿ ಅವ. ಬ್ಯಾಸಗಿ ಇದ್ರ ನಮ್ಮ ಬಿಸಲೇ ಮದ್ದು. ಕುರ್ಸಿಯನ್ನ ಕರೀ ಪ್ಲಾಸ್ಟಿಕ್ಕಿನಾಗ ಗಾಳಿ ಆಡದಂಗ ಸುತ್ತಿ, ಮಾಳಗಿ ಮ್ಯಾಲ ಮೇ ಬಿಸಲಿಗೆ ಇಡು. ಒಳಗ 50 ಡಿಗ್ರಿ ದಾಟಿ ಎರಡು ತಾಸು ನಿಂತ್ರ ಹುಳನೂ ಸಾಯ್ತದ, ತತ್ತಿನೂ ಸಾಯ್ತದ. ಬರೇ ಬಿಸಲಾಗ ತೆರದು ಇಟ್ರ ಅವು ನೆರಳಿನ ಸಂದಿಗೆ ಸರೀತಾವ, ಸಾಯೂದಿಲ್ಲ. ನಡುನಡುವ ಹೊರಳಿಸಿ ಇಡು. ಕಬ್ಬಿಣದ ಸಾಮಾನಿಗಾದ್ರ ಕುದಿ ನೀರು ಸಂದಿಗೆ ಹೊಯ್ದ್ರ ಸಾಕು.

ಹುಮನಾಬಾದ್_ಹೊಸಬಿ

ಆಯ್ತು ಆಪಾ, ಪ್ಲಾಸ್ಟಿಕ್ ತರಸ್ತೀನಿ. ಇನ್ನೊಂದು, ಖೋಲಿಗೆ ಕೂಲರ್ ಬೇಕೇ ಬೇಕು, ಮ್ಯಾಲಿನ ಅಂತಸ್ತು ಅದ. ಅದೂ ಹಳೇದು ತಗೊಂಡ್ರ ನಡೀತದೇನು?

ಸೇಡಂ_ರೋಡ್_ತಮ್ಮ

ಕಬ್ಬಿಣದ ಬಾಡಿ ಹಳೇದು ತಗೋರಿ ಅಕ್ಕಾ, ಹುಲ್ಲು, ಪಂಪು ಹೊಸಾದು ಹಾಕಸ್ರಿ. ಬಾಡಿಗೆ ಅರ್ಥಿಂಗ್ ವೈರ್ ಕಡ್ಡಾಯ, ಟೆಸ್ಟರ್ ಹಚ್ಚಿ ನೋಡಿನೇ ಮುಟ್ಟ್ರಿ. ಕೆಲಸ ಮಾಡೂ ಜಾಗಕ್ಕ ನೇರ ಗಾಳಿ ಹೊಡೀಬಾರದು, ಆ ಹಸಿ ಗಾಳಿಗೆ ಕಾಗದ ಸುರುಳಿ ಸುತ್ತತದ, ಸೂಜಿ ಜಂಗ್ ಹಿಡೀತದ. ಕಿಟಕಿಗೆ ಹಚ್ಚಿ ಎದುರಿನ ಬಾಗಲ ಅರ್ಧ ತೆರದು ಇಡ್ರಿ. ಸೂಜಿಗಳನ್ನ ಮುಚ್ಚಳದ ಡಬ್ಬಿಯಾಗ ಸೀಮೆಸುಣ್ಣದ ತುಂಡಿನ ಸಂಗಡ ಇಡ್ರಿ, ಹಸಿ ಹೀರ್ತದ.

ತಾಂಡಾ_ಕಸೂತಿ (ಚಿಂಚೋಳಿ)

ಮ್ಯಾಲಿನ ಅಂತಸ್ತು ಅಂದ್ರಲ್ಲ, ತಿಜೂರಿಯಂಥ ಭಾರದ ಸಾಮಾನು ಏರಿಸ್ಲಾಕ ಹಮಾಲಿ ಎಷ್ಟು ಅಂತ ಟಂಟಂ ರಿಕ್ಷಾದವರ ಸಂಗಡ ಮೊದಲೇ ಮಾತಾಡ್ಕೋರಿ. ಮನಿ ಮುಂದ ಇಳಿಸಿದ ಮ್ಯಾಲ ಕೇಳಿದ್ರ ಡಬಲ್ ಹೇಳ್ತಾರ. ಬಾಗಲ, ಸ್ಟೆಪ್ಪಿನ ಅಗಲ ಅಳದು ಚೀಟಿ ಮ್ಯಾಲ ಬರದು ಒಯ್ರಿ, ತಿಜೂರಿ ಬಾಗಲದಾಗ ಹೊಕ್ಕಬೇಕಲ್ಲ.